ಸೇತುವೆಯ ನಡುವೆ ಏನಿದೆ

ಫೆಬ್ರವರಿ ೩, ಸೋಮವಾರ

ನಾನು ಕೆಲಸ ಮಾಡುವ ಡ್ರೈ ಕ್ಲೀನಿಂಗ್ ಅಂಗಡಿಯ ಯಜಮಾನರು ಕೊಟ್ಟ ಡೈರಿ ಇದು. ಹೊಸ ವರ್ಷದ ಡೈರಿಯನ್ನು ಫೆಬ್ರವರಿಯಲ್ಲಿ ಕೊಟ್ಟಿದ್ದಾರೆ ಅಂದರೆ ಗಿರಾಕಿಗಳಿಗೆ ಹಂಚಿ ಉಳಿದದ್ದು ಅಂತಲೇ ಅರ್ಥ. ಗೆರೆ ಸೊಟ್ಟ, ಹೊಲಿಗೆ ಸಡಿಲ, ರಟ್ಟಿನ ಒಂದು ಮೂಲೆ ಆಗಲೇ ಬಾಯಿ ಬಿಟ್ಟಿದೆ. ನನಗೆ ಇಂಥವೇ ಮೊದಲು ಕಣ್ಣಿಗೆ ಬೀಳುವುದು. ನನ್ನದು ರಫು ಕೆಲಸ. ಸುಟ್ಟ ಕೋಟು, ಹುಳು ತಿಂದ ಶಾಲು ಬಂದರೆ ಅದೇ ಬಟ್ಟೆಯ ಎಳೆ ತೆಗೆದು ತೂತು ಗೊತ್ತಾಗದ ಹಾಗೆ ಹೆಣೆದು ಕೊಡಬೇಕು. ಬಟ್ಟೆ ಎಷ್ಟೇ ಚಂದವಿರಲಿ, ನನ್ನ ಕಣ್ಣು ಸೀದಾ ತೂತಿಗೆ ಹೋಗುತ್ತದೆ.

ಬರೆಯುವ ಚಟ ನನಗಿರಲಿಲ್ಲ. ಆದರೆ ಇವತ್ತಿನದನ್ನು ಎಲ್ಲಾದರೂ ಇಳಿಸದಿದ್ದರೆ ಹೊಟ್ಟೆ ಉಬ್ಬುತ್ತದೆ. ನಾದಿನಿಯ ಹತ್ತಿರ ಹೇಳಿದರೆ ಬೀದಿಗೆಲ್ಲ ಹೇಳಿದ ಹಾಗೆ. ಇಲ್ಲಿ ಬರೆದು ಮೇಜಿನ ಮೇಲೆ ಬಿಟ್ಟರೂ ಇವರು ಓದುವುದಿಲ್ಲ. ಓದುವುದಿಲ್ಲ ಅಲ್ಲ, ಓದಲು ಆಗುವುದಿಲ್ಲ.

ಕಣ್ಣಿನ ಡಾಕ್ಟರಮ್ಮ ಇವರ ಕಣ್ಣಿನ ಒಳಗಿನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು. ನಾನು ಬಾಯಿ ತೆರೆದು ನೋಡಿದೆ. ಕಿತ್ತಳೆ ಬಣ್ಣದ ಪೂರ್ತಿ ಚಂದ್ರ, ಅದರ ಮೇಲೆ ಕೆಂಪು ನರಗಳು. ನಲವತ್ತು ವರ್ಷ ಎದುರಿಗೆ ಕೂತು ಊಟ ಮಾಡಿದ ಮನುಷ್ಯನ ಕಣ್ಣೊಳಗೆ ಇಂಥದ್ದೊಂದು ಇತ್ತೇ ಅನಿಸಿತು. ಚಂದ್ರನ ಮಧ್ಯದಲ್ಲಿ ಒಂದು ಮಬ್ಬು ಕಲೆ. ಎಡಗಣ್ಣಿನ ನಡುಭಾಗ ಆಗಲೇ ಹೋಗಿದೆಯಂತೆ, ಬಲಗಣ್ಣಿಗೂ ಶುರುವಾಗಿದೆಯಂತೆ. ಇವರ ಥರದ್ದಕ್ಕೆ ಔಷಧಿ ಇಲ್ಲ ಅಂದರು. ಪೂರ್ತಿ ಕತ್ತಲೆ ಆಗುವುದಿಲ್ಲ, ಸುತ್ತಲಿನದು ಕಾಣುತ್ತಲೇ ಇರುತ್ತದೆ, ನೇರ ಎದುರಿಗಿರುವುದು ಮಾತ್ರ ಅಳಿಸಿಹೋಗುತ್ತದೆ. ಯಾವಾಗ ಅಂತ ಕೇಳಿದೆ. ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ಬೇಗ ಅಂದರು. ಡಾಕ್ಟರುಗಳ ಮಾತೇ ಹೀಗೆ, ಎಲ್ಲಿಂದ ಎಳೆದರೂ ಎಳೆ ಕೈಗೆ ಬರುವುದಿಲ್ಲ.

ಇವರು ಬಸ್ಸಿನಿಂದ ಮನೆಯ ತಿರುವಿನಲ್ಲಿ ಇಳಿದ ಮೇಲೆ, "ಕಣ್ಣಿರೋವಾಗ್ಲೇ ಸೇತುವೆ ಊರು ನೋಡ್ಕೊಂಡು ಬಂದ್ಬಿಡ್ಬೇಕು ಕಣೇ" ಅಂದರು. ತರಕಾರಿ ತಂದುಬಿಡಬೇಕು ಅನ್ನುವ ಹಾಗೆ.

ಫೆಬ್ರವರಿ ೯, ಭಾನುವಾರ

ಸೇತುವೆ ಊರು ಅನ್ನುವುದು ನಮ್ಮ ಊರಿನವರೆಲ್ಲರ ಬಾಯಿಮಾತು. ಇವರು ಫೋಟೋ ಸ್ಟುಡಿಯೋಗಳಿಗೆ ಪರದೆ ಬರೆಯುತ್ತಿದ್ದವರು. ಜನ ನಿಂತು ಫೋಟೋ ತೆಗೆಸಿಕೊಳ್ಳಲು ಹಿಂದೆ ಒಂದು ದೊಡ್ಡ ಚಿತ್ರದ ಬಟ್ಟೆ ಇಳಿಬಿಡುತ್ತಿದ್ದರಲ್ಲ, ಅದು. ನಮ್ಮ ಊರಿನ ಸ್ಟುಡಿಯೋಗೆ ಇವರು ಬರೆದುಕೊಟ್ಟದ್ದು ಯುರೋಪಿನ ಒಂದು ದೊಡ್ಡ ಊರು. ನದಿ, ನದಿಗೆ ಉದ್ದದ ಕಲ್ಲಿನ ಸೇತುವೆ, ಎಡಕ್ಕೆ ಗಡಿಯಾರದ ಗೋಪುರ, ಬಲಕ್ಕೆ ಒಂದಕ್ಕೊಂದು ಒತ್ತಿಕೊಂಡ ಎತ್ತರದ ಮನೆಗಳು, ಬೇಸಿಗೆಯ ಸಂಜೆ. ಬಿಸ್ಕತ್ತಿನ ಡಬ್ಬಿಯ ಮೇಲಿದ್ದ ಚಿತ್ರ ನೋಡಿ ಬರೆದದ್ದು. ಹುಟ್ಟಿದ ಮಗು, ಹೊಸ ಜೋಡಿ, ನೌಕರಿ ಸಿಕ್ಕವನು, ಎಲ್ಲರೂ ಅದರ ಮುಂದೆ ನಿಂತವರೇ. ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಅದೇ ಊರು.

ನಿಲ್ಲದವಳು ನಾನೊಬ್ಬಳೇ. ಮದುವೆಯಾದ ವಾರ ಸ್ಟುಡಿಯೋಗೆ ಹೋದಾಗ, ನೋಡದ ಊರಿನ ಮುಂದೆ ನೋಡಿದವಳ ಹಾಗೆ ನಿಂತು ನಗುವುದು ನನ್ನಿಂದಾಗದು ಅಂದುಬಿಟ್ಟೆ. ಅದನ್ನು ಬರೆದವರು ಇವರೇ ಅಂತ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹಠ ಬಿಡಲು ನಾಚಿಕೆಯಾಯಿತು. ನಮ್ಮ ಮದುವೆಯ ಫೋಟೋ ಸ್ಟುಡಿಯೋದ ಬಾಗಿಲಲ್ಲಿ ತೆಗೆದದ್ದು. ಹಿಂದೆ ಚಪ್ಪಲಿಗಳು ಕಾಣುತ್ತವೆ.

ಸ್ಟುಡಿಯೋ ಯಜಮಾನರು ತೀರಿಕೊಂಡು ಬಹಳ ಕಾಲವಾಯಿತು. ಅವರ ಮಗಳು ಇರುವುದು ಅದೇ ಸೇತುವೆ ಊರಿನಲ್ಲಿ. ಪ್ರತಿ ಹುಟ್ಟುಹಬ್ಬಕ್ಕೂ ಆ ಪರದೆಯ ಮುಂದೆ ನಿಂತು ನಿಂತೇ ಅಲ್ಲಿಗೆ ಹೋಗುವ ಹುಚ್ಚು ಹತ್ತಿದ್ದು ಅನ್ನುತ್ತಾಳೆ. ಇವತ್ತು ಅವಳ ಫೋನು. ಜೂನ್, ಜುಲೈ ಎರಡು ತಿಂಗಳು ಕೆಲಸದ ಮೇಲೆ ಬೇರೆ ಕಡೆ ಇರುತ್ತಾಳಂತೆ, ಮನೆ ಖಾಲಿ, ನೀವಿಬ್ಬರೂ ಬಂದು ಇರಿ, ಬೆಕ್ಕಿಗೂ ಜೊತೆಯಾಗುತ್ತದೆ ಅಂದಳು. ಇವರ ಮುಖ ಅರಳಿತು. ನಾನು, ಬೆಕ್ಕಿಗೆ ಹಾಲಿಡಲು ಅಷ್ಟು ದೂರ ಹಾರಿಕೊಂಡು ಹೋಗಬೇಕೇ ಅಂದೆ. ಕಂಡು ಕೇಳರಿಯದ ಊರು, ಅರ್ಥವಾಗದ ಮಾತು, ಮಂಜಾಗುತ್ತಿರುವ ಕಣ್ಣು. ಮೇಲೊಂದು ಕೋಣೆ ಕಟ್ಟಿಸಬೇಕು ಅಂತ ಕೂಡಿಟ್ಟದ್ದೆಲ್ಲ ಟಿಕೆಟ್ಟಿಗೇ ಹೋಗುತ್ತದೆ. ನಾನು ಒಪ್ಪಿಲ್ಲ. ಒಪ್ಪುವುದೂ ಇಲ್ಲ.

ಫೆಬ್ರವರಿ ೨೧, ಶುಕ್ರವಾರ

ಸ್ಟುಡಿಯೋ ಕಟ್ಟಡ ಮಾರಾಟವಾಯಿತು. ಯಜಮಾನರ ಮಗಳು, ಆ ಹುಡುಗಿ, ಫೋನಿನಲ್ಲೇ ಹೇಳಿ ಪರದೆಯನ್ನು ನಮ್ಮ ಮನೆಗೆ ಕಳಿಸಿದಳು. ಆಟೋದಲ್ಲಿ ಹಿಡಿಸದೆ ಇಬ್ಬರು ಹೆಗಲ ಮೇಲೆ ಹೊತ್ತು ತಂದರು. ಧೂಳು, ಸೀನು, ನನ್ನ ಗೊಣಗಾಟ. ನಡುಮನೆಯ ಗೋಡೆಗೆ ಕೋಲು ಕಟ್ಟಿ ಇಳಿಬಿಟ್ಟರು.

ಮೊದಲು ಕಂಡದ್ದು ಜೋಡಣೆಯ ಹತ್ತಿರದ ಬಿರುಕು. ಆಮೇಲೆ ಗೋಪುರ ಒಂಚೂರು ಎಡಕ್ಕೆ ವಾಲಿದ್ದು. ಮನೆಗಳ ಕಿಟಕಿಗಳಲ್ಲಿ ಒಂದೂ ಇನ್ನೊಂದರ ಅಳತೆಗೆ ಇಲ್ಲ. ನಟ್ಟನಡುವೆ, ಜನ ನಿಲ್ಲುತ್ತಿದ್ದ ಕಡೆ, ಕೊಳೆ ಹಿಡಿದ ದೊಡ್ಡ ಬೂದು ಮಚ್ಚೆ. ಇಷ್ಟನ್ನೂ ಹೇಳಿ ಮುಗಿಸಿ ಅಡುಗೆಮನೆಗೆ ಹೋದವಳು ಲೋಟ ತೆಗೆದುಕೊಂಡು ಬರುವಾಗ ನಿಂತುಬಿಟ್ಟೆ. ಸಂಜೆ ಬಿಸಿಲು ಕಿಟಕಿಯಿಂದ ಬಂದು ಬಟ್ಟೆಯ ಮೇಲೆ ಬಿದ್ದಿತ್ತು. ನದಿ ಹರಿಯುತ್ತಿದೆ ಅನಿಸಿತು. ನೀರಿನಲ್ಲಿ ಗೋಪುರದ ನೆರಳು ನಡುಗುತ್ತಿದೆ. ನಮ್ಮ ಮನೆಯ ಗೋಡೆ ಎಲ್ಲಿ ಹೋಯಿತು? ಲೋಟದ ಕಾಫಿ ಕೈಯಲ್ಲೇ ಆರಿತು. ಇಷ್ಟು ವರ್ಷ ನಾನು ಇದನ್ನು ನೋಡಿಯೇ ಇಲ್ಲ, ಎಲ್ಲರ ಬೆನ್ನ ಹಿಂದೆ ಇಣುಕಿದ್ದೇನೆ ಅಷ್ಟೇ.

ಇವರಿಗೆ ಹೇಳಲಿಲ್ಲ. ಹೇಳಿದರೆ ಒಪ್ಪಿದ ಹಾಗಾಗುತ್ತದೆ.

ಮಾರ್ಚ್ ೨, ಭಾನುವಾರ

ಎಡವಟ್ಟು ಮಾಡಿಕೊಂಡೆ. ಇವರು ನಾದಿನಿಯ ಮನೆಗೆ ಹೋಗಿದ್ದಾಗ ಆ ಬೂದು ಮಚ್ಚೆಯನ್ನು ತೆಗೆಯೋಣ ಅಂತ ಕೂತೆ. ಊರವರೆಲ್ಲ ಒರಗಿ ಒರಗಿ ಹತ್ತಿದ ಬೆವರು, ತಲೆಯೆಣ್ಣೆ, ಇನ್ನೇನಿರುತ್ತದೆ? ಎಂಥೆಂಥ ಕಲೆ ತೆಗೆದವಳು ನಾನು. ಒದ್ದೆ ಬಟ್ಟೆ ಹಿಂಡಿ ಮೆಲ್ಲಗೆ ಒತ್ತಿದೆ. ಒಂದೇ ಏಟಿಗೆ ಬೂದು ಬಣ್ಣವೆಲ್ಲ ಬಟ್ಟೆಗೆ ಬಂತು. ಕೆಳಗೆ ಬರೀ ಬಟ್ಟೆ. ಸೇತುವೆ ಇಲ್ಲ, ಕಲ್ಲಿಲ್ಲ, ಏನೂ ಇಲ್ಲ. ಊರಿನ ನಡುವೆ ತಟ್ಟೆಯಷ್ಟು ಅಗಲದ ತೂತು, ಮಾಡಿದವಳು ನಾನೇ.

ಇವರು ಬಂದು ಅದರ ಮುಂದೆಯೇ ಕೂತು ತಿಂಡಿ ತಿಂದರು. ಗೊತ್ತಾಗಲಿಲ್ಲ.

ಮಾರ್ಚ್ ೩, ಸೋಮವಾರ

ಬೆಳಿಗ್ಗೆಯೇ ಹೇಳಿಬಿಟ್ಟೆ. ಬೈಯಲಿ ಅಂತ ಕಾದು ನಿಂತೆ. ಇವರು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಲ್ಲಿ ನಾನು ಏನೂ ಬರ್ದೇ ಇರ್ಲಿಲ್ಲ ಕಣೇ. ಸುಮ್ನೆ ಬೂದಿ ಬಣ್ಣ ಬಳ್ದಿದ್ದೆ."

ಅಟ್ಟದಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಲು ಹೇಳಿದರು. ತುಕ್ಕು ಹಿಡಿದ ಮುಚ್ಚಳದ ಮೇಲೆ ಅದೇ ಊರು, ಅಂಗೈಯಷ್ಟು. ಎಡಕ್ಕೆ ಗೋಪುರ, ಬಲಕ್ಕೆ ಮನೆಗಳು, ಕೆಳಗೆ ನದಿ. ಸೇತುವೆಯ ನಡುಭಾಗದ ಮೇಲೆ ಕಂಪನಿಯವರು ದಪ್ಪ ಅಕ್ಷರದಲ್ಲಿ ತಮ್ಮ ಹೆಸರು ಅಚ್ಚು ಹಾಕಿಸಿದ್ದಾರೆ. ಅದರ ಕೆಳಗೆ ಏನಿದೆ ಅಂತ ಇವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಏನು ಮಾಡಲಿ ಅಂತ ಕೇಳಿದ್ದಕ್ಕೆ ಸ್ಟುಡಿಯೋ ಯಜಮಾನರು, ಅಲ್ಲಿ ಹೇಗೂ ಜನ ನಿಲ್ತಾರೆ, ಯಾರಿಗೆ ಕಾಣುತ್ತೆ, ಏನಾದರೂ ಬಳಿ ಅಂದರಂತೆ. ಬಳಿದರು. ಆದರೆ ಅವತ್ತಿನಿಂದ ಮನಸ್ಸಿನಲ್ಲಿ ಉಳಿದುಹೋಯಿತಂತೆ. ಆ ಹೆಸರಿನ ಕೆಳಗೆ ಪ್ರತಿಮೆ ಇರಬಹುದೇ, ದೀಪದ ಕಂಬವೇ, ಬಾಗಿಲೇ, ಮರವೇ?

"ಇಡೀ ಊರಿಗೆ ಆ ಊರು ತೋರಿಸ್ದೆ. ನಡುವೆ ಏನಿದೆ ಅಂತ ನನಗೇ ಗೊತ್ತಿಲ್ಲ" ಅಂದರು.

ಇದೊಂದು ಮಾತನ್ನು ನಲವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ನಾನು ಡಬ್ಬಿಯ ಮುಚ್ಚಳವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಅಕ್ಷರಗಳ ಸಂದಿಯಲ್ಲಿ ಏನಾದರೂ ಇಣುಕುತ್ತದೆಯೇ ಅಂತ. ಇಲ್ಲ.

ಸಂಜೆ ಟಿಕೆಟ್ಟಿನ ವಿಚಾರ ನಾನೇ ಕೇಳಿದೆ. ಸುಮ್ಮನೆ ತಿಳಿದುಕೊಂಡಿರಲಿ ಅಂತ.

ಮಾರ್ಚ್ ೧೪, ಶುಕ್ರವಾರ

ನಾದಿನಿಗೆ ಸುದ್ದಿ ಗೊತ್ತಾಗಿದೆ. ಬಂದವಳೇ, ಅದಕ್ಕೆ ಅಲ್ಲಿಯವರೆಗೂ ಯಾಕೆ ಹೋಗಬೇಕು ಅತ್ತಿಗೆ, ಫೋನಿನಲ್ಲಿ ಹುಡುಕಿದರೆ ಸೇತುವೆ ಏನು, ಸೇತುವೆ ಮೇಲಿನ ಪಾರಿವಾಳದ ಮುಖವೂ ಕಾಣುತ್ತದೆ ಅಂದಳು. ಮಾತು ಸರಿಯೇ. ಇವರು ಕೇಳುವುದಿಲ್ಲ. ಚಿತ್ರ ನೋಡಿ ಬರೆದೇ ಮೋಸ ಹೋದೆ, ಇನ್ನೊಂದು ಚಿತ್ರ ನೋಡುವುದಿಲ್ಲ ಅಂತ ಹಠ. ನನ್ನ ಕೈಲೂ ಆಣೆ ಹಾಕಿಸಿಕೊಂಡಿದ್ದಾರೆ.

ಇವತ್ತು ಹುಡುಗಿ ವಿಡಿಯೋ ಕರೆ ಮಾಡಿದಳು. ಅಂಕಲ್, ನಾನೀಗ ನದಿ ಹತ್ತಿರವೇ ಇದ್ದೀನಿ, ತಿರುಗಿಸಲಾ ಅಂದಳು. ನಾನು ತಟ್ಟನೆ ಎರಡೂ ಕಣ್ಣು ಮುಚ್ಚಿಕೊಂಡೆ. ಇವರು ಫೋನನ್ನು ಬೋರಲು ಹಾಕಿದರು. ಒಬ್ಬರಿಗೆ ಸರಿಯಾಗಿ ಕಾಣುವುದಿಲ್ಲ, ಒಬ್ಬಳು ಕಣ್ಣು ಮುಚ್ಚಿದ್ದಾಳೆ, ಫೋನು ಮೇಜಿಗೆ ಮುಖ ಕೊಟ್ಟು ಮಾತಾಡುತ್ತಿದೆ. ಯಾರಾದರೂ ನೋಡಿದ್ದರೆ ಇಬ್ಬರನ್ನೂ ಸೇರಿಸಿಯೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು.

ಬೋರಲು ಬಿದ್ದ ಫೋನಿನಿಂದಲೇ ಅವಳು ಒಂದು ಮಾತು ಹೇಳಿದಳು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲಿರುತ್ತದಂತೆ. ಊಟ ಮುಗಿಸಿ ಹೊರಗೆ ಬಂದರೂ ಹಗಲೇ. ಬೆಕ್ಕಿಗೆ ಯಾವಾಗ ಮಲಗಬೇಕು ಅಂತಲೇ ತಿಳಿಯುವುದಿಲ್ಲವಂತೆ. ಇವರು ನನ್ನ ಕೈ ಹಿಡಿದುಕೊಂಡರು. ಇಲ್ಲಿ ಸಂಜೆ ಮಬ್ಬಾಗುತ್ತಲೇ ಇವರಿಗೆ ಮನೆಯ ಹೊಸಿಲೂ ಕಾಣುವುದಿಲ್ಲ, ಕೂತಲ್ಲೇ ಕೂತಿರಬೇಕು. ಒಂಬತ್ತರವರೆಗೆ ಬೆಳಕು! ಸೂರ್ಯ ಒಂದೇ, ಅಲ್ಲಿ ಯಾಕೆ ಅಷ್ಟು ಹೊತ್ತು ಕಾಯುತ್ತಾನೆ? ಅಂಗಡಿಯಲ್ಲಿ ಕೆಲಸ ಮಾಡುತ್ತ ಇಡೀ ಮಧ್ಯಾಹ್ನ ಅದನ್ನೇ ಯೋಚಿಸಿದೆ.

ಏಪ್ರಿಲ್ ೬, ಭಾನುವಾರ

ಟಿಕೆಟ್ ಆಗಿದೆ. ಈಗ ಇವರದು ಹೊಸ ಪಾಠ. ಬಲಗಣ್ಣೂ ಕೈ ಕೊಡುತ್ತಿರುವುದರಿಂದ ಅಲ್ಲಿ ನೋಡಿದ್ದನ್ನು ನಾನು ಹೇಳಬೇಕಂತೆ, ಇವರು ತಾಳೆ ನೋಡಿಕೊಳ್ಳುತ್ತಾರಂತೆ. ಅದಕ್ಕೆ ದಿನಾ ಸಂಜೆ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಅಭ್ಯಾಸ.

ಮೊದಲ ದಿನ ಶುರು ಮಾಡಿದ್ದೇ, "ಗೋಪುರದ ಹತ್ರ ಬಣ್ಣ ಎದ್ದಿದೆ" ಅಂತ.

"ನೀನು ಸೀದಾ ತೂತಿಗೇ ಹೋಗ್ತೀಯ" ಅಂದರು. "ಮೊದ್ಲು ಬೆಳಕು ಎಲ್ಲಿಂದ ಬರ್ತಿದೆ ಹೇಳು. ಆಮೇಲೆ ದೊಡ್ಡದು, ಆಮೇಲೆ ಚಿಕ್ಕದು. ಬಟ್ಟೆ ಹೇಳಿದ್ಮೇಲೆ ತೂತು."

ಬೀದಿಯಲ್ಲೂ ಬಿಡುವುದಿಲ್ಲ. ಬಸ್ಸಿಗೆ ಕಾಯುವಾಗ, ಎದುರಿಗೇನಿದೆ ಹೇಳು ಅನ್ನುತ್ತಾರೆ. ಬೆಳಕು ಹಿಂದಿನಿಂದ ಬರುತ್ತಿದೆ ಅಂದೆ. ಹಣ್ಣಿನ ಗಾಡಿ, ಅದರ ಮೇಲೆ ಹಳದಿ ಹೊದಿಕೆ, ಹೊದಿಕೆಯ ಮೂಲಕ ಬಿಸಿಲು ಸೋರಿ ಗಾಡಿಯವಳ ಮುಖವೆಲ್ಲ ಹಳದಿ, ಅವಳು ಹಣ್ಣು ಒರೆಸಿ ಒರೆಸಿ ಸಾಲಾಗಿ ಇಡುತ್ತಿದ್ದಾಳೆ ಅಂದೆ. ಹೇಳುತ್ತಾ ಹೇಳುತ್ತಾ ಬಸ್ಸು ಬಂದು ಹೋಯಿತು. ಎಷ್ಟು ವರ್ಷದಿಂದ ಅದೇ ಗಾಡಿಯಲ್ಲಿ ಹಣ್ಣು ಕೊಳ್ಳುತ್ತೇನೆ, ಕೊಳೆತದ್ದು ಕೊಟ್ಟಾಳೆ ಅಂತ ಅವಳ ಕೈಯನ್ನೇ ನೋಡುತ್ತಿದ್ದೆ. ಮುಖ ಚಂದವಿದೆ.

ಇದೆಲ್ಲ ಇವರ ಸಮಾಧಾನಕ್ಕೆ. ಸುಮ್ಮನಿದ್ದರೆ ಕೊರಗುತ್ತಾರೆ.

ಏಪ್ರಿಲ್ ೨೨, ಮಂಗಳವಾರ

ವೀಸಾ ಕಚೇರಿ. ಗಾಜಿನ ಆಚೆ ಕೂತ ಹೆಂಗಸು ಇವರನ್ನು ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿದಳು. ಪ್ರವಾಸಕ್ಕೆ ಅನ್ನಿ ಅಂತ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಇವರು, "ನಾನು ಬರೆದಿರೋದು ಸರಿ ಇದ್ಯಾ ಅಂತ ನೋಡೋಕೆ" ಅಂದುಬಿಟ್ಟರು. ಅವಳು ಪೆನ್ನು ಕೆಳಗಿಟ್ಟಳು. ಏನು ಬರೆದದ್ದು ಅಂದಳು. ಊರು ಅಂದರು. ಕೆಲಸ ಕೆಟ್ಟಿತು ಅಂತ ನಾನು ಹಣೆ ಒತ್ತಿಕೊಂಡೆ.

ಆಮೇಲೆ ಡಬ್ಬಿಯ ಕತೆಯೆಲ್ಲ ಹೇಳಬೇಕಾಯಿತು. ಹೇಳಿದವಳು ನಾನೇ. ಬೆಳಕಿನಿಂದ ಶುರು ಮಾಡಿದೆ, ಅಭ್ಯಾಸಬಲ. ಅವಳಿಗೆ ಆ ಸೇತುವೆ ಗೊತ್ತಿತ್ತು ಅಂತ ಕಾಣುತ್ತದೆ. ನಡುವೆ ಏನಿದೆ ಅಂತ ಹೇಳಲು ಬಾಯಿ ತೆರೆದಳು. ಬೇಡಮ್ಮ, ಹೇಳಬೇಡಿ ಅಂತ ನಾನು ಗಾಜಿಗೆ ಕೈ ಅಡ್ಡ ಹಿಡಿದೆ. ಅವಳು ಬಾಯಿ ಮುಚ್ಚಿಕೊಂಡು ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋಗಬಹುದು ಅಂದಳು. ಎಲ್ಲಿಗೆ ಅಂತ ಹೇಳಲಿಲ್ಲ, ಮನೆಗೋ ಆ ಊರಿಗೋ.

ಮೇ ೫, ಸೋಮವಾರ

ಆ ಊರಿಗೇ. ವೀಸಾ ಬಂತು.

ಮೇ ೧೯, ಸೋಮವಾರ

ಬೆಳಿಗ್ಗೆ ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ನನ್ನ ಕಿವಿಯ ಕಡೆ ನೋಡಿದರು. ಆಮೇಲೆ ಹೆಗಲ ಕಡೆ. "ನಿನ್ನ ಮುಖ ಎಲ್ಲಿ ಹೋಯ್ತು?" ಅಂದರು.

ಡಾಕ್ಟರಮ್ಮ ನೋಡಿದರು. ಬಲಗಣ್ಣಿನ ನಡುಭಾಗವೂ ಹೋಗಿದೆ.

ಮೇ ೨೦, ಮಂಗಳವಾರ

ಟಿಕೆಟ್ ವಾಪಸ್ ಮಾಡು ಅಂದರು. ಅಷ್ಟೇ ಮಾತು.

ಮೇ ೨೪, ಶನಿವಾರ

ಮೂರ್ನಾಲ್ಕು ದಿನದಿಂದ ಇವರು ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದಾರೆ. ನಾದಿನಿ ಬಂದು ಅತ್ತಳು. ಇನ್ನು ಯಾಕೆ ಅತ್ತಿಗೆ, ನೋಡುವವನಿಗೇ ಕಣ್ಣಿಲ್ಲ, ಆ ದುಡ್ಡಿನಲ್ಲಿ ಕೋಣೆಯನ್ನಾದರೂ ಕಟ್ಟಿಸಿ ಅಂದಳು. ಕೋಣೆ ಯಾರಿಗೆ ಬೇಕು ಅಂತ ಗದರಿಬಿಟ್ಟೆ.

ಸಂಜೆ ನಾನು ಕುರ್ಚಿಯನ್ನು ಎತ್ತಿ ಇವರ ಸಮೇತ ತಿರುಗಿಸಲು ನೋಡಿದೆ. ಆಗಲಿಲ್ಲ. ನಾನೇ ಸುತ್ತು ಹಾಕಿ ಎದುರಿಗೆ ಬಂದು ಕೂತೆ.

"ಹೋಗಿ ಏನು ನೋಡ್ಲಿ? ನನಗೆ ಬೇಕಾಗಿದ್ದೇ ನಡುವಿಂದು. ಈಗ ಎಲ್ಲಿ ನೋಡಿದ್ರೂ ಅದೊಂದೇ ಇಲ್ಲ" ಅಂದರು.

"ಅಂಚು ಕಾಣತ್ತಲ್ಲ, ಅಂಚು ನೀವು ನೋಡಿ. ನಡುವಿಂದು ನಾನು ಹೇಳ್ತೀನಿ."

"ನೀನು ತೂತು ಹೇಳ್ತೀಯ."

"ಕೇಳಿ ನೋಡಿ."

"ಸರಿ. ನಿನ್ನ ಮುಖ ಹೇಳು" ಅಂದರು.

ಇದಕ್ಕೆ ನಾನು ತಯಾರಾಗಿರಲಿಲ್ಲ. ಗೋಡೆಯ ಮೇಲಿನ ಕನ್ನಡಿಯನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ. "ಬೆಳಕು ಕಿಟಕಿ ಕಡೆಯಿಂದ ಬರ್ತಿದೆ. ಎಡಗೆನ್ನೆ ಮೇಲೆ ಬಿದ್ದಿದೆ, ಬಲಗಡೆ ನೆರಳು. ಹಣೆ ಅಗಲ. ಕೂದಲು ಮುಂದೆಲ್ಲಾ ಬೆಳ್ಳಗಾಗಿದೆ, ಬಿಸಿಲಿಗೆ ಹೊಳೀತಿದೆ. ಕಣ್ಣಿನ ಸುತ್ತ ಸಣ್ಣ ಸಣ್ಣ ಗೆರೆ, ಒಳ್ಳೆ ರಫು ಹಾಗೆ ಒತ್ತೊತ್ತಾಗಿದೆ. ಕಣ್ಣು..." ಅಂತ ನಿಂತೆ.

"ಕಣ್ಣು?"

"ನಿಮ್ಮನ್ನೇ ನೋಡ್ತಿದೆ."

"ಕೋಪ ಇದ್ಯಾ?"

"ಇದೆ."

ಇವರು ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು, ಸರಿಯಾಗಿ ಬೆಳಕು ಬಿದ್ದ ಕಡೆಯೇ. "ಟಿಕೆಟ್ ವಾಪಸ್ ಮಾಡಿದ್ಯಾ?" ಅಂದರು. ಮಾಡಿರಲಿಲ್ಲ. ಮಾಡುವ ಯೋಚನೆಯೇ ಬಂದಿರಲಿಲ್ಲ. ಮೊದಲಿನಿಂದಲೂ ಹೋಗಲೇಬೇಕು ಅಂತ ಇದ್ದವಳು ನಾನಲ್ಲವೇ.

ಜೂನ್ ೭, ಶನಿವಾರ

ನಾಳೆ ಹೊರಡುವುದು. ನಾದಿನಿ ಸ್ವೆಟರ್ ತಂದುಕೊಟ್ಟಳು, ಬೇಸಿಗೆ ಅಂದರೂ ನಂಬಬೇಡಿ, ಪರದೇಶದ ಬೇಸಿಗೆ ಅಂತ. ಕೊನೆಗೆ ಮೆಲ್ಲಗೆ, ನಡುವೆ ಏನಿದೆ ಅಂತ ಮೊದಲು ನನಗೆ ಫೋನ್ ಮಾಡಿ ಅಂದಳು. ಫೋನಿನಲ್ಲಿ ಹುಡುಕಿದರೆ ಕಾಣುತ್ತದಲ್ಲ ಅಂದೆ. ನಾನ್ಯಾಕೆ ಹುಡುಕಲಿ, ಅಣ್ಣ ನೋಡಿದ ಮೇಲೆ ನಾನು ಅಂದಳು. ಅವಳ ಗೋಡೆಯ ಮೇಲೂ ಆ ಊರಿದೆ, ಅದರ ಮುಂದೆ ಜಡೆ ಹಾಕಿಕೊಂಡ ಇವಳು.

ಪರದೆಯನ್ನು ಸುತ್ತಿಡಲು ಮನಸ್ಸಾಗಲಿಲ್ಲ. ತೊಳೆದುಹೋದ ಬಿಳಿ ಜಾಗದ ಸಮೇತ ಹಾಗೇ ಬಿಟ್ಟಿದ್ದೇನೆ.

ಜೂನ್ ೧೦, ಮಂಗಳವಾರ

ಬಂದು ಮುಟ್ಟಿದೆವು. ವಿಮಾನದ ಕಿಟಕಿಯಿಂದ ಮೋಡಗಳನ್ನು ಮೇಲಿನಿಂದ ಕಂಡೆ. ಬೆಳಕು ಎಲ್ಲ ಕಡೆಯಿಂದಲೂ ಬರುತ್ತಿತ್ತು, ಎಲ್ಲಿಂದ ಶುರು ಮಾಡಲಿ ತಿಳಿಯಲಿಲ್ಲ. ಇವರು ನಿಧಾನ ಹೇಳು, ಅವಸರವಿಲ್ಲ ಅಂದರು. ಅಳು ಬಂತು, ಯಾಕೆ ಅಂತ ಗೊತ್ತಿಲ್ಲ. ಹತ್ತಿ ಹಿಂಜಿ ಹರಡಿದ ಹಾಗಿದೆ, ಕೊನೆಯೇ ಇಲ್ಲ ಅಂದೆ.

ಹುಡುಗಿಯ ಮನೆ ಮೇಲಿನ ಮಹಡಿಯಲ್ಲಿ, ಮರದ ಮೆಟ್ಟಿಲು ಸುರುಳಿ ಸುತ್ತಿ ಏರುತ್ತದೆ. ಬೆಕ್ಕು ದಪ್ಪಗೆ, ಬೂದು ಬಣ್ಣ. ನಮ್ಮನ್ನು ನೋಡಿ ಎದ್ದೂ ಏಳಲಿಲ್ಲ. ಊಟ ಮುಗಿಸಿ ಪಾತ್ರೆ ತೊಳೆದು ಕಿಟಕಿ ತೆರೆದೆ. ಗಡಿಯಾರದಲ್ಲಿ ಒಂಬತ್ತು. ಹೊರಗೆ ಬಿಸಿಲು! ಕೆಳಗೆ ಬೀದಿಯಲ್ಲಿ ಒಬ್ಬಳು ಸೈಕಲ್ ಮೇಲೆ ಹೋದಳು, ಅವಳ ಉದ್ದ ನೆರಳು ಎದುರು ಮನೆಯ ಗೋಡೆ ಹತ್ತಿ ಇಳಿಯಿತು. ಇವರನ್ನು ಕರೆದು ಕಿಟಕಿಯಲ್ಲಿ ನಿಲ್ಲಿಸಿದೆ. ಇವರು ನನ್ನ ಕೈ ಬಿಟ್ಟು ತಾವೇ ಮಹಡಿಯ ಆ ತುದಿಯಿಂದ ಈ ತುದಿಗೆ ಓಡಾಡಿದರು, ಒಂದು ಕುರ್ಚಿಗೂ ಎಡವದೆ. ಈ ಹೊತ್ತಿನಲ್ಲಿ ಇವರು ಒಬ್ಬರೇ ನಡೆದದ್ದನ್ನು ನೋಡಿ ಎಷ್ಟು ದಿನವಾಗಿತ್ತು. ಯಾರೋ ಬೆಳಕನ್ನು ಕೈಯಾರೆ ಬಡಿಸುತ್ತಿದ್ದಾರೆ ಅನಿಸಿತು.

ಜೂನ್ ೧೬, ಸೋಮವಾರ

ವಾರವಾಗುತ್ತ ಬಂತು. ಉದ್ಯಾನ ಆಯಿತು, ದೊಡ್ಡ ಮಾರುಕಟ್ಟೆ ಆಯಿತು, ಟ್ರಾಮಿನಲ್ಲಿ ಕೂತು ಊರೆಲ್ಲ ಸುತ್ತಿದ್ದಾಯಿತು. ನಾನು ಹೇಳಿ ಹೇಳಿ ಗಂಟಲು ಕಟ್ಟಿದೆ. ಟ್ರಾಮಿನಲ್ಲಿ ಎದುರು ಕೂತ ಮುದುಕ ನಮ್ಮ ಭಾಷೆ ತಿಳಿಯದಿದ್ದರೂ ನಾನು ಕೈ ತೋರಿಸಿದ ಕಡೆಗೆಲ್ಲ ತಿರುಗಿ ನೋಡುತ್ತಿದ್ದ, ತನ್ನ ಊರನ್ನು ಹೊಸದಾಗಿ ನೋಡುವವನ ಹಾಗೆ.

ಸೇತುವೆಗೆ ಮಾತ್ರ ಹೋಗಿಲ್ಲ. ಇವತ್ತು ಮೋಡ, ನಾಳೆ ಕಾಲುನೋವು, ನಾಡಿದ್ದು ಬೆಕ್ಕು ಮಂಕಾಗಿದೆ. ಬೆಕ್ಕು ಗುಂಡುಕಲ್ಲಿನ ಹಾಗಿದೆ. ಇವರಿಗೆ ಹೆದರಿಕೆ. ಇಷ್ಟು ವರ್ಷ ಆ ಜಾಗದಲ್ಲಿ ಏನೇನೋ ಇಟ್ಟು ನೋಡಿಕೊಂಡಿದ್ದಾರೆ, ಹೋಗಿ ನೋಡಿದರೆ ಒಂದೇ ಉಳಿಯುತ್ತದೆ. ಅದೂ ನನ್ನ ಬಾಯಿಂದ. ನನಗೂ ಹೆದರಿಕೆ. ಸಾದಾ ಕಲ್ಲುಕಟ್ಟೆಯೇ ಇದ್ದರೆ ಏನು ಹೇಳಲಿ? ಇದ್ದದ್ದನ್ನು ಇದ್ದ ಹಾಗೆ ಹೇಳುವುದೋ, ಒಂದು ಪ್ರತಿಮೆಯೋ ಮರವೋ ಸೇರಿಸಿ ಹೇಳುವುದೋ? ಯೋಚಿಸಿ ತೀರ್ಮಾನ ಮಾಡಿದೆ. ಇದ್ದದ್ದೇ ಹೇಳುತ್ತೇನೆ.

ಜೂನ್ ೨೧, ಶನಿವಾರ

ವರ್ಷದಲ್ಲೇ ಉದ್ದದ ಹಗಲು ಇವತ್ತು ಅಂತ ಹುಡುಗಿ ಫೋನಿನಲ್ಲಿ ಹೇಳಿದಳು. ಸಂಜೆ ಇವರೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತರು. ಡಬ್ಬಿಯಲ್ಲಿ ಇದ್ದದ್ದು ಬೇಸಿಗೆಯ ಸಂಜೆ, ಇದೇ ಬೆಳಕು, ನಡಿ ಅಂದರು.

ನದಿ ದಂಡೆಯ ಮರಗಳ ಕೆಳಗೆ ನಡೆದು ಮೂಲೆ ತಿರುಗಿದೆವು. ಬೆಳಕು ಎಡದಿಂದ ಬರುತ್ತಿದೆ, ಜೇನಿನ ಬಣ್ಣ. ನದಿ ಅಗಲಕ್ಕೆ ಹೊಳೆಯುತ್ತಿದೆ. ಎಡಕ್ಕೆ ಗೋಪುರ. ಬಲಕ್ಕೆ ಮನೆಗಳು, ಒಂದಕ್ಕೊಂದು ಒತ್ತಿಕೊಂಡು, ಒಂದು ಕಿಟಕಿಯೂ ಇನ್ನೊಂದರ ಅಳತೆಗಿಲ್ಲ. ನಮ್ಮ ನಡುಮನೆಯ ಗೋಡೆ. ನಮ್ಮ ಊರಿನ ಎಲ್ಲರ ಮನೆಯ ಗೋಡೆ. ನಾನು ನೋಡದ ಊರಲ್ಲ ಇದು, ನನಗೆ ಇದರ ಕಲ್ಲು ಕಲ್ಲೂ ಗೊತ್ತು. ಅದು ನನ್ನ ಎದುರಿಗೆ ಗಾಳಿಯಲ್ಲಿ ನಿಂತಿದೆ, ಅದರ ಮೇಲೆ ಹಕ್ಕಿ ಹಾರುತ್ತಿದೆ.

ಸೇತುವೆಯ ಈ ತುದಿಯಲ್ಲಿ ಇವರು ನಿಂತರು. ಕತ್ತು ಬಲಕ್ಕೆ ತಿರುಗಿಸಿ ಗೋಪುರ ನೋಡಿದರು, ಎಡಕ್ಕೆ ತಿರುಗಿಸಿ ಮನೆಗಳನ್ನು. ನೋಡಬೇಕಾದದ್ದರಿಂದ ಮುಖ ತಿರುಗಿಸಿದರೇ ಇವರಿಗೆ ಈಗ ಕಾಣುವುದು.

"ಗೋಪುರ ನೆಟ್ಟಗಿದೆ. ನಾನು ವಾಲಿಸ್ಬಿಟ್ಟಿದ್ದೆ" ಅಂದರು. ಆಮೇಲೆ ನೇರ ಮುಂದಕ್ಕೆ ಮುಖ ಮಾಡಿ ಕೇಳಿದರು. "ನಡುವೆ ಏನಿದೆ?"

ನಾನು ನೋಡಿದೆ. ಸೇತುವೆ ಅಲ್ಲಿ ಸ್ವಲ್ಪ ಅಗಲವಾಗುತ್ತದೆ, ಎರಡೂ ಕಡೆ ಮೋಟುಗೋಡೆ, ಅಷ್ಟೇ. ಪ್ರತಿಮೆ ಇಲ್ಲ, ಬಾಗಿಲಿಲ್ಲ, ಮರವಿಲ್ಲ. ಆದರೆ ಜಾಗ ಖಾಲಿ ಇರಲಿಲ್ಲ. ಗಂಡ, ಹೆಂಡತಿ, ಹೆಗಲ ಮೇಲೊಂದು ಮಗು ನಿಂತಿದ್ದರು. ಎದುರಿಗೆ ಒಬ್ಬ ಫೋನು ಹಿಡಿದಿದ್ದ. ಅವರು ಸರಿಯುತ್ತಲೇ ಇಬ್ಬರು ಮುದುಕಿಯರು ಬಂದು ಅದೇ ಜಾಗದಲ್ಲಿ ನಿಂತು ಕೂದಲು ಸರಿಮಾಡಿಕೊಂಡರು. ಅವರ ಹಿಂದೆ ಇನ್ನಷ್ಟು ಜನ ಸರದಿಗೆ ಕಾಯುತ್ತಿದ್ದರು.

"ಬೆಳಕು ಎಡದಿಂದ ಬರ್ತಿದೆ" ಅಂತ ಶುರು ಮಾಡಿದೆ. ಮುಂದೆ ಹೋಗಲಾಗಲಿಲ್ಲ. "ಜನ ನಿಂತಿದಾರೆ ರೀ. ಬರೀ ಜನ. ಫೋಟೋ ತೆಗೆಸ್ಕೋತಿದಾರೆ."

ಇವರು ಮೋಟುಗೋಡೆಯ ಕಲ್ಲನ್ನು ಸವರುತ್ತ ನಿಂತಿದ್ದರು. "ಹಾಗಾದ್ರೆ ಸರಿಯಾಗೇ ಬರ್ದಿದ್ದೆ" ಅಂದರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದರು. "ಹೋಗು. ನೀನೊಬ್ಳೇ ಬಾಕಿ."

ನಾನು ಹೋದೆ. ಸರದಿಯಲ್ಲಿದ್ದವರು ಏನು ತಿಳಿದರೋ, ದಾರಿ ಬಿಟ್ಟರು. ಸೇತುವೆಯ ನಟ್ಟನಡುವೆ ಇವರ ಕಡೆ ತಿರುಗಿ ನಿಂತೆ. ದೂರದಲ್ಲಿ ಇವರು ಫೋನು ಇಲ್ಲದ ಎರಡೂ ಕೈಗಳನ್ನು ಕ್ಯಾಮೆರಾ ಹಿಡಿದ ಹಾಗೆ ಕಣ್ಣಿನ ಎತ್ತರಕ್ಕೆ ಹಿಡಿದಿದ್ದರು.

"ಕಾಣ್ತಿದೀನಾ?" ಅಂತ ಕೂಗಿದೆ.

"ಇಲ್ಲ" ಅಂತ ಕೂಗಿದರು. "ಅಲ್ಲೇ ಇದೀಯಲ್ಲ, ಸಾಕು. ಅಲ್ಲಾಡ್ಬೇಡ."

ನನ್ನ ಎಡಕ್ಕೂ ಬಲಕ್ಕೂ ಇಡೀ ಊರು ಹೊಳೆಯುತ್ತಿತ್ತು. ನಾನು ಅಲ್ಲಾಡಲಿಲ್ಲ.